ಒಂದ್ಸಲ ಉಗುಳು ನುಂಗಿ

“ಒಂದ್ಸಲ ಉಗುಳು ನುಂಗಿ.”

ಬಿಂದುಶ್ರೀ ತಲೆಯೆತ್ತಿದಳು. ಕೈಯಲ್ಲಿ ಸಿರಿಂಜ್ ಇತ್ತು. ಎದುರು ಕೂತ ಅಜ್ಜಿಯ ತೋಳಿಗೆ ಆಗಲೇ ರಬ್ಬರ್ ಪಟ್ಟಿ ಬಿಗಿದಿದ್ದಳು.

“ಯಾರಿಗೆ ಹೇಳಿದ್ದು? ನಂಗಾ?”

“ನಿಮಗೇ. ಒಂದ್ಸಲ ನುಂಗಿ, ಕುತ್ತಿಗೆ ನೋಡ್ಬೇಕು.”

ಮೇಗರವಳ್ಳಿ ಶಾಲೆಯ ಜಗಲಿಯಲ್ಲಿ ಸಾಲು ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೆ ಅವಳ ಕುತ್ತಿಗೆಯನ್ನೇ ನೋಡಿದರು.

“ನುಂಗೇ ಹುಡ್ಗಿ,” ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. “ಬೆಳಿಗ್ಗೆಯಿಂದ ನಮ್ಮನ್ನೆಲ್ಲ ಕಪ್ಪೆ ಥರ ನುಂಗ್ಸಿ ನುಂಗ್ಸಿ ಇಟ್ಟಿದಾನೆ. ನೀ ಒಬ್ಳು ಬಾಕಿ!”

ಬಿಂದುಶ್ರೀಗೆ ಮೈಯೆಲ್ಲ ಹೇಸಿಗೆ ಹರಿದಂತಾಯಿತು. ಮತ್ತೊಬ್ಬ... ಇವಳ ದೇಹ ನೋಡಿ ಮಾತಾಡುವವನು ಮತ್ತೊಬ್ಬ!

ದುರ್ಗೇಶ್ ಎಂಬ ಈ ಮನುಷ್ಯನನ್ನು ಅವಳು ಮೊದಲು ನೋಡಿದ್ದೇ ಅಂದು ಬೆಳಿಗ್ಗೆ. ಒಂದು ಮೆಡಿಕಲ್ ಕಾಲೇಜಿನ ಸಂಶೋಧನೆಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತಿ ಹೆಂಗಸರ ಕುತ್ತಿಗೆ ನೋಡುವುದು ಅವನ ಕೆಲಸ. ಥೈರಾಯ್ಡ್ ಗ್ರಂಥಿ ಊದಿದ್ದರೆ ನುಂಗುವಾಗ ಗಂಟಲಲ್ಲಿ ಗಡ್ಡೆ ಮೇಲೇರಿ ಇಳಿಯುವುದು ಕಾಣುತ್ತದೆ. ರಕ್ತ ತೆಗೆಯಲು ಜನ ಸಾಲದೆ ಹೊಸನಗರದ ಲ್ಯಾಬಿನಿಂದ ಬಿಂದುಶ್ರೀಯನ್ನು ಕರೆಸಿದ್ದರು. ಅವನ ತಲೆ ಮೇಲೆ ಒಂದು ಹಳೇ ಟೋಪಿ, ನೆರಳಲ್ಲೂ ತೆಗೆಯುತ್ತಿರಲಿಲ್ಲ. ಹತ್ತಿರ ಬಂದರೆ ಹಳಸಿದ ಈರುಳ್ಳಿಯ ವಾಸನೆ.

ಥೂ... ಸ್ನಾನವನ್ನಾದರೂ ಮಾಡಿ ಬರಬಾರದೇ?

“ನಾನು ರಕ್ತ ತೆಗೆಯೋಕೆ ಬಂದವಳು. ಕುತ್ತಿಗೆ ತೋರ್ಸೋಕೆ ಬಂದವಳಲ್ಲ,” ಎಂದಳು.

ಅವನು ಕ್ಷಮೆ ಕೇಳಲಿಲ್ಲ. “ನಿಮ್ಮ ದನಿ ಒಡೆದಿದೆ. ಇಂಥ ಬಿಸಿಲಲ್ಲಿ ಸ್ವೆಟರ್ ಹಾಕಿದೀರಿ. ಮುಖ ಊದಿದೆ. ನಿಮಗೆ ಥೈರಾಯ್ಡ್ ಕಡಿಮೆ ಇದೆ. ಯಾರೂ ಹೇಳ್ಲಿಲ್ವ?”

ಬಿಂದುಶ್ರೀ ನಕ್ಕಳು. ನಗು ಗಂಟಲಲ್ಲೇ ಗರಗರ ಎಂದಿತು.

“ಕಡಿಮೆ ಅಲ್ಲ ಮಾರಾಯ್ರೆ, ಜಾಸ್ತಿ! ಏಳು ತಿಂಗ್ಳಿಂದ ಜಾಸ್ತಿ. ನಾಲ್ಕು ರಿಪೋರ್ಟ್ ಇದೆ. ನಾಲ್ಕೂ ನಾನೇ ಮಾಡಿದ್ದು.”

“ಹಂಗಾದ್ರೆ ನಾಲ್ಕೂ ತಪ್ಪು.”

ಆ ಮಾತಿಗೆ ಅವಳ ಕಿವಿ ಬಿಸಿಯಾಯಿತು. ದಿನಾ ಬೆಳಿಗ್ಗೆ ಯಂತ್ರವನ್ನು ತಾನೇ ಪರೀಕ್ಷಿಸಿ, ಅಳತೆ ಸರಿ ಬಂದ ಮೇಲಷ್ಟೇ ರೋಗಿಗಳ ರಕ್ತ ಹಾಕುವವಳು ಅವಳು. ಐದು ವರ್ಷದಲ್ಲಿ ಒಂದು ಟ್ಯೂಬೂ ಅದಲುಬದಲಾಗಿಲ್ಲ. ತನ್ನ ದೇಹದ ಬಗ್ಗೆ ಯಾರು ಏನೇ ಅಂದರೂ ಸಹಿಸುವುದು ರೂಢಿಯಾಗಿತ್ತು. ಕೆಲಸದ ಬಗ್ಗೆ ಅಂದರೆ ಮಾತ್ರ ಆಗುತ್ತಿರಲಿಲ್ಲ.

ಅಜ್ಜಿಯ ರಕ್ತ ತೆಗೆದು ಮುಗಿಸಿದಳು. ಆಮೇಲೆ ಸ್ವೆಟರಿನ ತೋಳು ಮೇಲೆ ಸರಿಸಿ, ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿದು, ತನ್ನ ರಕ್ತವನ್ನು ತಾನೇ ತೆಗೆದಳು. ಎರಡು ಟ್ಯೂಬು ತುಂಬಿಸಿದಳು.

“ಒಂದು ನೀವು ಇಟ್ಕೊಳ್ಳಿ, ನಿಮ್ಮ ಕಾಲೇಜಲ್ಲಿ ನೋಡಿ. ಇನ್ನೊಂದು ನಮ್ಮ ಲ್ಯಾಬಿಗೆ. ಯಾರದು ತಪ್ಪು ಅಂತ ಗೊತ್ತಾಗ್ಲಿ.”

ದುರ್ಗೇಶ್ ಟ್ಯೂಬಿಗೆ ಹದಿನೇಳು ಎಂದು ನಂಬರು ಅಂಟಿಸಿ, ಫಾರಂ ತೆಗೆದ.

“ಬೇರೆ ಏನಾದ್ರೂ ಮಾತ್ರೆ ತಗೋತೀರಾ?”

“ಥೈರಾಯ್ಡಿಂದು ಬಿಟ್ರೆ ಇಲ್ಲ.”

“ನಾಟಿ ಔಷಧಿ, ಪುಡಿ, ಟಾನಿಕ್ಕು?”

“ಇಲ್ಲ.”

“ಏನೂ ಇಲ್ವ?”

“ಇಲ್ಲ ಅಂದ್ನಲ್ಲ! ಎಷ್ಟು ಸಲ ಹೇಳ್ಬೇಕು?”

ಅವಳು ಹೇಳಿದ್ದು ಸುಳ್ಳು.

*

ಆ ಸುಳ್ಳು ಒಂಬತ್ತು ತಿಂಗಳ ಹಿಂದೆ ಹುಟ್ಟಿದ್ದು. ತೀರ್ಥಹಳ್ಳಿಯ ಯೋಗರಾಜ್ ಮನೆಯವರು ಹೆಣ್ಣು ನೋಡಲು ಬಂದಿದ್ದ ದಿನ.

ಯೋಗರಾಜ್ ಸಹಕಾರಿ ಸಂಘದಲ್ಲಿ ಗುಮಾಸ್ತ. ಅವನು ಉಪ್ಪಿಟ್ಟು ತಿಂದ, ಫೋನು ನೋಡಿದ. ಹೆಣ್ಣು ನೋಡಿದ್ದೆಲ್ಲ ಅವನ ತಾಯಿ ವಿಶಾಲಮ್ಮ. ಎಲೆಯಡಿಕೆಯ ಕವಳ ಹಾಕಿ ಹಾಕಿ ಕೆಂಪಾಗಿದ್ದ ಬೆರಳಿನಿಂದ ಬಿಂದುಶ್ರೀಯ ಜಡೆ ಹಿಡಿದು, ಎಮ್ಮೆ ಕೊಳ್ಳುವವರು ಬಾಲ ಎತ್ತಿ ನೋಡುವಂತೆ ಎತ್ತಿ ನೋಡಿದರು.

“ಹುಡ್ಗಿ ಪರ್ವಾಗಿಲ್ಲ. ಕೂದ್ಲೇ ಎಂತ ಇಷ್ಟು ತೆಳು? ನಮ್ಮ ತಂಗಿ ಮಗಳ ಪಾರ್ಲರಿದೆಯಲ್ಲ, ಅಲ್ಲಿ ಒಂದು ಮಾತ್ರೆ ಸಿಗುತ್ತೆ. ದಿನಾ ಎರಡು ಕೊಡಿ. ಮದ್ವೆ ಹೊತ್ತಿಗೆ ಜಡೆ ಸೊಂಟಕ್ಕೆ ಬರ್ಬೇಕು.”

ಅಮ್ಮ ಶೇಷಮ್ಮ ಕೈಮುಗಿದು ಒಪ್ಪಿಕೊಂಡಳು. ಅಪ್ಪ ಹುಲಿಯಪ್ಪ ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಖಾಸಗಿ ಬಸ್ಸಿನ ಚಾಲಕ. ಪಾರ್ಲರಿನವಳು ತಿಂಗಳಿಗೊಮ್ಮೆ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿಗೆ ಬಂದು ಮಾತ್ರೆಯ ಡಬ್ಬಿಯನ್ನು ಅವನ ಕೈಗೆ ಕೊಡುತ್ತಿದ್ದಳು. ಅದು ಸ್ಟೇರಿಂಗಿನ ಪಕ್ಕ ಕೂತು ಹೊಸನಗರಕ್ಕೆ ಬರುತ್ತಿತ್ತು.

ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಉಗುರುಬೆಚ್ಚನೆ ನೀರಿನ ಜೊತೆ ಅಮ್ಮನೇ ಕೊಡುತ್ತಿದ್ದಳು. ಕೊಡುವಾಗ ಒಂದು ಮಂತ್ರದ ಹಾಗೆ ಅದೇ ಮಾತು.

“ಯಾರಿಗೂ ಹೇಳ್ಬ್ಯಾಡ. ಲ್ಯಾಬಲ್ಲಂತೂ ಹೇಳ್ಲೇಬ್ಯಾಡ. ಕೂದ್ಲಿಲ್ಲದ ಹುಡ್ಗಿ ಅಂತ ಒಂದ್ಸಲ ಹೆಸರು ಬಂದ್ರೆ ಮುಗೀತು.”

ಎರಡು ತಿಂಗಳಾದ ಮೇಲೆ ವಿಶಾಲಮ್ಮ ಇನ್ನೊಂದು ಕೇಳಿದರು. ಈಗ ಜಾತಕದ ಜೊತೆ ರಕ್ತದ ರಿಪೋರ್ಟೂ ನೋಡುತ್ತಾರೆ. ಬಿಂದುಶ್ರೀ ಬೆಳಿಗ್ಗೆ ಲ್ಯಾಬಿಗೆ ಹೋಗಿ ತನ್ನ ರಕ್ತ ತಾನೇ ತೆಗೆದು, ಯಂತ್ರಕ್ಕೆ ಹಾಕಿ, ಬಂದ ಅಂಕಿ ನೋಡಿ ಅಲ್ಲೇ ಸ್ಟೂಲಿನ ಮೇಲೆ ಕುಳಿತಳು.

ಟಿ.ಎಸ್.ಎಚ್. ೦.೦೨.

ಗ್ರಂಥಿ ಸೋಮಾರಿಯಾದರೆ ಮೆದುಳು ಅದನ್ನು ಬೈದು ಎಬ್ಬಿಸುತ್ತದೆ. ಆ ಬೈಗುಳದ ಅಳತೆಯೇ ಟಿ.ಎಸ್.ಎಚ್. ಗ್ರಂಥಿ ಹುಚ್ಚೆದ್ದು ದುಡಿಯುತ್ತಿದ್ದರೆ ಮೆದುಳು ಬಾಯಿ ಮುಚ್ಚಿಕೊಳ್ಳುತ್ತದೆ, ಅಂಕಿ ಸೊನ್ನೆಗೆ ಇಳಿಯುತ್ತದೆ. ಅವಳದು ಸೊನ್ನೆಗೆ ಇಳಿದಿತ್ತು.

ಶಿವಮೊಗ್ಗದ ಡಾಕ್ಟರು ಅವಳ ಮುಖ ನೋಡಲಿಲ್ಲ, ಕಾಗದ ನೋಡಿದರು. ಗ್ರಂಥಿಯನ್ನು ಅಡಗಿಸುವ ಮಾತ್ರೆ ಬರೆದರು. ಎರಡು ತಿಂಗಳಿಗೆ ಮತ್ತೆ ರಿಪೋರ್ಟು, ಮತ್ತೆ ಅದೇ ಸೊನ್ನೆ. ಮಾತ್ರೆ ಹೆಚ್ಚಾಯಿತು. ಮತ್ತೆ ಸೊನ್ನೆ. ಇನ್ನೂ ಹೆಚ್ಚಾಯಿತು.

ಅಷ್ಟರಲ್ಲಿ ಅವಳು ಹನ್ನೊಂದು ಕೇಜಿ ಊದಿದ್ದಳು. ಬೆಳಿಗ್ಗೆ ಏಳುವಾಗ ರೆಪ್ಪೆಗಳು ನೀರು ತುಂಬಿದ ಚೀಲದ ಹಾಗೆ. ಮೊಣಕೈಯ ಚರ್ಮ ಒಣಗಿ ಹೊಟ್ಟಿನಂತೆ ಉದುರುತ್ತಿತ್ತು. ಗಂಟಲ ಬುಡದಲ್ಲಿ ಒಂದು ಉಬ್ಬು ಬೇರೆ ಎದ್ದಿತ್ತು. ಬಚ್ಚಲಿನ ತೂತಿಗೆ ಕಟ್ಟಿಕೊಂಡ ಕೂದಲನ್ನು ದಿನಾ ಬೆರಳು ಹಾಕಿ ಎಳೆಯಬೇಕು. ಸೋಪಿನ ಲೋಳೆ ಮೆತ್ತಿದ, ಸತ್ತ ಇಲಿಯಂಥ ಒಂದು ಮುದ್ದೆ ಕೈಗೆ ಬರುತ್ತಿತ್ತು.

ಅಮ್ಮ ಕೂದಲಿನ ಮಾತ್ರೆಯನ್ನು ಎರಡರಿಂದ ನಾಲ್ಕು ಮಾಡಿದಳು.

ಕೊನೆಗೆ ಡಾಕ್ಟರು ಹೇಳಿದ್ದು ಆಪರೇಷನ್. ಮಾತ್ರೆಗೆ ಬಗ್ಗದ ಗ್ರಂಥಿಯನ್ನು ಕೊಯ್ದು ತೆಗೆದುಬಿಡುವುದು. ವಿಶಾಲಮ್ಮನಿಗೂ ಅದೇ ಬೇಕಿತ್ತು. “ರೋಗ ಇಟ್ಕೊಂಡು ನಮ್ಮನೆ ಹೊಸ್ತಿಲು ದಾಟೋದು ಬ್ಯಾಡ. ಕೊಯ್ಸಿ ಮುಗ್ಸಿಬಿಡಿ. ಗಾಯ ಕಾಣ್ದಂಗೆ ಅಗಲದ ಸರ ಮಾಡ್ಸಿದ್ರಾಯ್ತು.” ನಿಶ್ಚಿತಾರ್ಥವಾಗಿತ್ತು. ಮದುವೆ ಏಪ್ರಿಲಿನಲ್ಲಿ. ಆಪರೇಷನ್ನಿಗೆ ಫೆಬ್ರವರಿಯ ಒಂದು ಮಂಗಳವಾರ ಗೊತ್ತಾಗಿತ್ತು.

ಮೇಗರವಳ್ಳಿಯ ಕ್ಯಾಂಪಿನ ದಿನ ಅದಕ್ಕೆ ಇನ್ನು ಮೂರೇ ವಾರ ಉಳಿದಿತ್ತು.

ಕ್ಯಾಂಪಿನಿಂದ ಬಂದ ಸಂಜೆಯೇ ಬಿಂದುಶ್ರೀ ತನ್ನ ಪಾಲಿನ ಟ್ಯೂಬನ್ನು ಯಂತ್ರಕ್ಕೆ ಹಾಕಿದಳು. ೦.೦೨.

‘ನೋಡಿದ್ಯಾ ಈರುಳ್ಳಿ?’ ಎಂದುಕೊಂಡಳು. ಗೆದ್ದಿದ್ದಳು. ಆದರೂ ಗೆದ್ದಂತೆ ಅನ್ನಿಸಲಿಲ್ಲ.

*

ಹತ್ತು ದಿನದ ಮೇಲೆ ಅವನು ಲ್ಯಾಬಿಗೇ ಬಂದ. ಟೋಪಿ, ಬ್ಯಾಗು, ಅದೇ ವಾಸನೆ.

“ನಿಮ್ಮ ಟ್ಯೂಬಿಂದು ಬಂತು. ಅರವತ್ತೆಂಟು.”

ಬಿಂದುಶ್ರೀ ತನ್ನ ರಿಪೋರ್ಟನ್ನು ಕೌಂಟರಿನ ಮೇಲೆ ಇಟ್ಟಳು. ಇಬ್ಬರೂ ಬಗ್ಗಿ ಎರಡೂ ಕಾಗದ ನೋಡಿದರು. ಒಂದೇ ಸೂಜಿಯಿಂದ ಬಂದ ರಕ್ತ. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಅರವತ್ತೆಂಟು.

“ಎರಡರಲ್ಲಿ ಒಂದು ಬೇರೆಯವ್ರ ರಕ್ತ,” ಎಂದ ದುರ್ಗೇಶ್. “ಕ್ಯಾಂಪಲ್ಲಿ ಟ್ಯೂಬು ಬದಲಾಗಿದೆ. ಥೈರಾಯ್ಡ್ ಕಡಿಮೆ ಇದ್ದೋರಿಗೆ ಮಂಪರು ಇರುತ್ತೆ. ನಿದ್ದೆಗಣ್ಣಲ್ಲಿ...”

ಲ್ಯಾಬಿನ ಮಾಲೀಕ ಮಂಜುನಾಥಪ್ಪ ಒಳಗಿನಿಂದ ಇಣುಕಿದ. “ಎಂತ ಬಿಂದು? ಟ್ಯೂಬು ಬದ್ಲಾಯ್ತಾ?”

ಅಷ್ಟೇ ಸಾಕಾಯಿತು.

“ಬದ್ಲಾಗಿಲ್ಲ ಸರ್! ಇವರ ರಿಸರ್ಚ್ ಪೇಪರಿಗೆ ಒಂದು ವಿಚಿತ್ರ ಕೇಸು ಬೇಕಿತ್ತು, ಬಾಯಿಗೆ ಬಂದ ನಂಬರು ಬರ್ಕೊಂಡು ಬಂದಿದಾರೆ. ಮೊದ್ಲು ನನ್ನ ಮುಖ ಸರಿ ಇಲ್ಲ ಅಂದ್ರು, ಆಮೇಲೆ ಕುತ್ತಿಗೆ, ಈಗ ಕೈಯೂ ಸರಿ ಇಲ್ಲ!”

ದುರ್ಗೇಶ್ ಬಿಳಿಚಿಕೊಂಡ. “ಆಪರೇಷನ್ ಅಂತೆ. ನಿಮ್ಮಪ್ಪ ಹೇಳಿದ್ರು. ನಾನು ದಿನಾ ಅವರ ಬಸ್ಸಲ್ಲೇ ಓಡಾಡೋದು. ಒಂದು ವಾರ ತಡೀರಿ. ತೆಗೆದ್ಮೇಲೆ ವಾಪಸ್ ಇಡಕ್ಕಾಗಲ್ಲ.”

“ತಡೀರಿ ಅನ್ನೋಕೆ ನೀವ್ಯಾರು?”

ಅವನು ಬಾಯಿ ತೆರೆದ. ಏನೋ ಹೇಳಬೇಕೆಂದವನು ಹೇಳಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಆತುರದಲ್ಲಿ ಒಂದು ಫೈಲು ಕೌಂಟರಿನ ಮೇಲೆಯೇ ಉಳಿಯಿತು.

ಅವಳು ತೆರೆಯಬಾರದಿತ್ತು. ತೆರೆದಳು.

‘ಪ್ರಕರಣ ೧೭. ಹೆಣ್ಣು, ೨೬, ಅವಿವಾಹಿತೆ. ಮುಖ ಊದಿಕೊಂಡಿದೆ. ಚರ್ಮ ಒರಟು. ದನಿ ಗಂಡಸಿನಂತೆ ದಪ್ಪ. ಹುಬ್ಬಿನ ತುದಿ ಉದುರಿದೆ. ಕೂದಲು ವಿರಳ, ನೆತ್ತಿಯ ಚರ್ಮ ಕಾಣುತ್ತದೆ.’

ನೆತ್ತಿಯ ಚರ್ಮ ಕಾಣುತ್ತದೆ!

ಒಂಬತ್ತು ತಿಂಗಳು ಬೈತಲೆ ಬದಲಿಸಿ, ಕಪ್ಪು ಪುಡಿ ಹಚ್ಚಿ, ದುಪಟ್ಟಾ ಹೊದ್ದು ಮುಚ್ಚಿಟ್ಟಿದ್ದನ್ನು ಅವನು ಒಂದೇ ನೋಟದಲ್ಲಿ ನೋಡಿ, ಬರೆದು, ನಂಬರು ಹಾಕಿ ಇಟ್ಟಿದ್ದ. ಇನ್ನು ಯಾವ ಯಾವ ಕಾಲೇಜಿನಲ್ಲಿ ಯಾರು ಯಾರು ಇದನ್ನು ಓದಿ ಪರೀಕ್ಷೆ ಬರೆಯುತ್ತಾರೋ... ಅವಳಿಗೆ ಅವನ ಮೇಲೆ ಹೇಸಿಗೆಯಾಯಿತು, ತನ್ನ ಮೇಲೆ ಅದಕ್ಕಿಂತ ಹೆಚ್ಚು. ಮುಂದಿನ ಹಾಳೆ ತಿರುವಲಿಲ್ಲ.

ಸಂಜೆ ಫೈಲನ್ನು ಅಪ್ಪನ ಕೈಗೆ ಕೊಟ್ಟಳು. “ಸಾಗರದಲ್ಲಿ ಆ ಮನುಷ್ಯನ ಮುಖಕ್ಕೆ ಎಸೀರಿ.”

ಮಾರನೇ ದಿನ ಹುಲಿಯಪ್ಪ ಮನೆಗೆ ಬಂದು ಲುಂಗಿ ಕಟ್ಟಿಕೊಳ್ಳುತ್ತಾ ಹೇಳಿದ, “ಎಸ್ಯೋಕಾಗ್ಲಿಲ್ಲ ಮಗಾ. ಅಂವ ಚಾ ಕುಡ್ಸಿಬಿಟ್ಟ.”

“ಅಪ್ಪಯ್ಯಾ!”

“ಬನ್ಸೂ ಕೊಡ್ಸಿದ. ಬನ್ಸ್ ಕೊಡ್ಸಿದವನ ಮುಖಕ್ಕೆ ಹೆಂಗೆ ಎಸೀಲಿ? ನೀನು ಸರಿಯಾಗಿ ಉಣ್ತೀಯಾ, ಚಳಿ ಅಂತೀಯಾ ಅಂತ ಕೇಳ್ದ. ನಂಗೆ ಉತ್ರ ಗೊತ್ತಿರ್ಲಿಲ್ಲ. ನಿನ್ನ ಹತ್ರ ಯಾರೂ ಅದ್ನ ಕೇಳಿಲ್ಲ ನೋಡು, ನಾನೂ ಕೇಳಿಲ್ಲ.”

ಬಿಂದುಶ್ರೀ ಮುಖ ತಿರುಗಿಸಿದಳು. ನಿಜಕ್ಕೂ ಅವಳಿಗೆ ಚಳಿಯಾಗುತ್ತಿತ್ತು.

*

ಆಪರೇಷನ್ನಿಗೆ ಆರು ದಿನ ಇದ್ದಾಗ ಬಸ್ಸಿನ ಕ್ಲಚ್ಚು ಹೋಯಿತು.

ಬಸ್ಸು ಗ್ಯಾರೇಜು ಸೇರಿತು, ಹುಲಿಯಪ್ಪ ಮನೆಯಲ್ಲಿ ಕುಳಿತ. ಕೂದಲಿನ ಮಾತ್ರೆಯ ಹೊಸ ಡಬ್ಬಿ ತೀರ್ಥಹಳ್ಳಿಯಲ್ಲೇ ಉಳಿಯಿತು. ಹಳೆಯದು ಬುಧವಾರವೇ ಖಾಲಿ. “ಮೂರು ದಿನ ತಪ್ತಲ್ಲೇ!” ಎಂದು ಶೇಷಮ್ಮ ಒದ್ದಾಡಿದಳು.

ಶನಿವಾರ ಬೆಳಿಗ್ಗೆ ಬಿಂದುಶ್ರೀ ಲ್ಯಾಬಿಗೆ ಹೋದಳು. ಆಪರೇಷನ್ನಿಗೆ ಮುಂಚೆ ಒಂದು ಹೊಸ ರಿಪೋರ್ಟು ಬೇಕೆಂದು ಡಾಕ್ಟರು ಕೇಳಿದ್ದರು. ರಕ್ತ ತೆಗೆದು ಯಂತ್ರಕ್ಕೆ ಹಾಕಿ, ಉತ್ತರ ಗೊತ್ತಿದ್ದವಳ ಹಾಗೆ ಮೂತ್ರದ ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತಾ ನಿಂತಳು.

ಯಂತ್ರ ಕಾಗದ ಉಗುಳಿತು.

ಟಿ.ಎಸ್.ಎಚ್. ೭೪.

ಅವಳು ಕಣ್ಣು ಒರೆಸಿಕೊಂಡಳು. ಯಂತ್ರದ ಅಳತೆ ಮತ್ತೊಮ್ಮೆ ನೋಡಿದಳು. ಸರಿಯಿತ್ತು. ಅದೇ ರಕ್ತ ಮತ್ತೆ ಹಾಕಿದಳು. ಎಪ್ಪತ್ತಮೂರೂವರೆ.

ಇವತ್ತು ಕ್ಯಾಂಪಿರಲಿಲ್ಲ, ಸಾಲಿರಲಿಲ್ಲ, ಬದಲಾಗಲು ಇನ್ನೊಬ್ಬರ ಟ್ಯೂಬಿರಲಿಲ್ಲ. ಅವಳ ರಕ್ತ, ಅವಳ ಕೈ, ಅವಳ ಯಂತ್ರ. ದುರ್ಗೇಶ್ ಹೇಳಿದ್ದೇ ನಿಜವಾಗಿತ್ತು.

‘ಯಂತ್ರ ಅದೇ. ನಾನೂ ಅದೇ. ಹಂಗಾದ್ರೆ ಬದ್ಲಾಗಿದ್ದೇನು?’

ಸ್ಟೂಲಿನ ಮೇಲೆ ಕುಳಿತು, ಕಾಗದ ತೆಗೆದುಕೊಂಡು, ಮೂರು ದಿನದಿಂದ ತಾನು ನುಂಗಿದ್ದೆಲ್ಲವನ್ನೂ ಬರೆಯತೊಡಗಿದಳು. ಅನ್ನ, ಸಾರು, ಥೈರಾಯ್ಡ್ ಮಾತ್ರೆ, ಚಾ... ಎಲ್ಲ ಮೊದಲಿನದೇ. ಇಲ್ಲದ್ದು ಒಂದೇ.

ಬೇರೆ ಏನಾದ್ರೂ ಮಾತ್ರೆ ತಗೋತೀರಾ? ಏನೂ ಇಲ್ವ?

ಮೂರು ಸಲ ಕೇಳಿದ್ದ. ಮೂರು ಸಲವೂ ಇವಳು ಸುಳ್ಳು ಹೇಳಿದ್ದಳು.

ಆ ಸಂಜೆ ಬಸ್ಸು ರಿಪೇರಿಯಾಗಿ ಓಡಿತು, ಡಬ್ಬಿ ಬಂತು. ಭಾನುವಾರ ಬೆಳಿಗ್ಗೆ ಅಮ್ಮ ಕೊಡುವ ಮೊದಲೇ ಬಿಂದುಶ್ರೀ ತಾನೇ ನಾಲ್ಕು ಮಾತ್ರೆ ನುಂಗಿದಳು. ಅಮ್ಮನಿಗೆ ಖುಷಿಯಾಯಿತು. ಎರಡು ಗಂಟೆ ಬಿಟ್ಟು ಲ್ಯಾಬಿನ ಬೀಗ ತೆಗೆದು ಒಬ್ಬಳೇ ರಕ್ತ ತೆಗೆದಳು. ಊದಿದ ತೋಳಿನಲ್ಲಿ ನರ ಸಿಗದೆ ಎರಡು ಸಲ ಚುಚ್ಚಿಕೊಂಡಳು.

೦.೦೩.

ಒಂದೇ ದಿನದಲ್ಲಿ ಎಪ್ಪತ್ತನಾಲ್ಕು ಸೊನ್ನೆಗೆ ಇಳಿದಿತ್ತು. ಯಾವ ಗ್ರಂಥಿಯೂ ಅಷ್ಟು ಬೇಗ ಬದಲಾಗುವುದಿಲ್ಲ. ಕೂದಲಿನ ಮಾತ್ರೆ ಯಂತ್ರಕ್ಕೆ ಮೋಸ ಮಾಡಿತ್ತು. ಇಲ್ಲದ ರೋಗಕ್ಕೆ ಏಳು ತಿಂಗಳು ಮದ್ದು ತಿಂದು, ಆ ಮದ್ದಿನಿಂದಲೇ ರೋಗಿಯಾಗಿ, ನಾಡಿದ್ದು ಕುತ್ತಿಗೆ ಕೊಯ್ಯಿಸಿಕೊಳ್ಳಲು ಹೊರಟಿದ್ದಳು!

*

ಮಧ್ಯಾಹ್ನ ವಿಶಾಲಮ್ಮ ಮಗನ ಜೊತೆ ಬಂದಿದ್ದರು, ಆಪರೇಷನ್ ಗಟ್ಟಿ ಮಾಡಿಕೊಳ್ಳಲು. ಬಿಂದುಶ್ರೀ ಎರಡೂ ರಿಪೋರ್ಟನ್ನೂ ಮಾತ್ರೆಯ ಡಬ್ಬಿಯನ್ನೂ ಅವರ ಮುಂದೆ ಇಟ್ಟು ಎಲ್ಲ ಹೇಳಿದಳು.

ವಿಶಾಲಮ್ಮ ಡಬ್ಬಿಯನ್ನು ಮುಟ್ಟಲಿಲ್ಲ. “ಹಂಗಾದ್ರೆ ನಮ್ಮ ಮಾತ್ರೆಯಿಂದ ನಿಂಗೆ ರೋಗ ಬಂತು ಅಂತೀಯಾ?”

“ಅಲ್ಲ. ರಿಪೋರ್ಟು ಸುಳ್ಳು ಬಂತು. ರೋಗ ಆಮೇಲೆ ಬಂತು.”

“ಅಂದ್ರೆ ಈಗ ಕಡಿಮೆ ರೋಗ. ಮೊದ್ಲು ಜಾಸ್ತಿ, ಈಗ ಕಡಿಮೆ. ನಾಳೆ ಇನ್ನೆಂತದೋ? ಅದೆಲ್ಲ ನಂಗೊತ್ತಿಲ್ಲ. ಕೊಯ್ಸಿ ಮುಗ್ಸು.”

ಬಿಂದುಶ್ರೀ ಯೋಗರಾಜನ ಕಡೆ ತಿರುಗಿದಳು. “ನೀವೇನಂತೀರಿ?”

ಅವನು ಫೋನಿನಿಂದ ಕಣ್ಣೆತ್ತಿದ. “ಅಮ್ಮ ಹೇಳ್ದಂಗೆ.”

“ನನ್ನ ಗಂಟಲು ಕೊಯ್ಯೋದೂ ಅಮ್ಮ ಹೇಳ್ದಂಗಾ?”

“ಸಣ್ಣ ಆಪರೇಷನ್ ಅಲ್ವ...”

ಆ ಬಾಯಿ, ಆ ಬಾಯಿಯ ಮೂಲೆಯಲ್ಲಿ ಅಂಟಿದ್ದ ಕೇಸರಿಬಾತಿನ ಚೂರು, ಆ ಕೆಂಪು ಬೆರಳುಗಳು... ಬಿಂದುಶ್ರೀಗೆ ಒಮ್ಮೆಲೇ ಎಲ್ಲ ಸ್ಪಷ್ಟವಾಯಿತು. ಒಂಬತ್ತು ತಿಂಗಳಿಂದ ತನ್ನ ದೇಹದ ಮೇಲೆ ಹೇಸಿಗೆಪಡುತ್ತಿದ್ದಳು. ಪಡಬೇಕಾಗಿದ್ದು ದೇಹದ ಮೇಲಲ್ಲ.

ಬೆರಳಿನ ಉಂಗುರ ತೆಗೆಯಲು ನೋಡಿದಳು. ಊದಿದ ಬೆರಳು ಬಿಡಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಎಳೆದು, ನೊರೆ ಸಮೇತ ತಂದು ಕೇಸರಿಬಾತಿನ ತಟ್ಟೆಯ ಪಕ್ಕ ಇಟ್ಟಳು.

“ಆಪರೇಷನ್ ಇಲ್ಲ. ಮದ್ವೆನೂ ಇಲ್ಲ. ಊಟ ಮಾಡ್ಕೊಂಡು ಹೋಗಿ.”

ಶೇಷಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಹುಲಿಯಪ್ಪ ಮಾತ್ರ ಎದ್ದು ವಿಶಾಲಮ್ಮನ ಚಪ್ಪಲಿಯನ್ನು ಬಾಗಿಲ ಕಡೆ ತಿರುಗಿಸಿಟ್ಟ.

“ಮೂರೂವರೆಗೆ ಒಂದು ಬಸ್ಸಿದೆ,” ಎಂದ. “ನಂದಲ್ಲ, ಬೇರೇದು.”

*

ಸೋಮವಾರ ಅಪ್ಪನ ಬಸ್ಸಿನಲ್ಲೇ ಸಾಗರಕ್ಕೆ ಹೋದಳು. ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಮಹಡಿಯ ಕೋಣೆಯೇ ಆ ಸಂಶೋಧನೆಯ ಆಫೀಸು. ದುರ್ಗೇಶ್ ಕಾಗದದ ರಾಶಿಯ ನಡುವೆ ಟೋಪಿ ಹಾಕಿಕೊಂಡೇ ಕುಳಿತಿದ್ದ.

ಅವಳು ಅವನ ಮುಂದೆ ಎರಡು ರಿಪೋರ್ಟು ಇಟ್ಟಳು. ಅವುಗಳ ಮೇಲೆ ಡಬ್ಬಿ ಇಟ್ಟಳು.

ಅವನು ಡಬ್ಬಿಯ ಹಿಂದಿನ ಚಿಕ್ಕ ಅಕ್ಷರ ಓದಿ, ಹಣೆ ಹೊಡೆದುಕೊಂಡ. “ಬಯೋಟಿನ್! ಕೂದ್ಲಿಗೆ ಅಂತ ಕೊಡೋ ವಿಟಮಿನ್ನು. ಒಂದ್ರಲ್ಲೇ ಹತ್ತು ಮಿಲಿಗ್ರಾಂ. ಅಯ್ಯೋ ಮಾರಾಯ್ತಿ...”

“ಅದರಿಂದ್ಲೇ ಅಲ್ವ?”

“ಅದರಿಂದ್ಲೇ. ನಿಮ್ಮ ಯಂತ್ರ ಬಯೋಟಿನ್ನನ್ನೇ ಗಾಳ ಮಾಡ್ಕೊಂಡು ಹಾರ್ಮೋನ್ ಹಿಡಿಯೋದು. ರಕ್ತದಲ್ಲಿ ಬಯೋಟಿನ್ನೇ ತುಂಬಿದ್ರೆ ಲೆಕ್ಕ ತಲೆಕೆಳಗು. ಗಾಳಕ್ಕೆಲ್ಲ ಏಡಿ ಕಚ್ಕೊಂಡ್ರೆ ಹೊಳೇಲಿ ಮೀನೇ ಇಲ್ಲ ಅಂದಂಗೆ. ನಮ್ಮ ಕಾಲೇಜಿನ ಯಂತ್ರದ ವಿಧಾನ ಬೇರೆ, ಅದಕ್ಕೇ ಅಲ್ಲಿ ಸರಿ ಬಂತು.” ಅವನು ತಲೆಯೆತ್ತಿದ. “ಟ್ಯೂಬು ಬದ್ಲಾಗಿರ್ಲಿಲ್ಲ. ನಿಮ್ಮ ಕೈ ಸರಿ ಇತ್ತು. ನಂದು ತಪ್ಪು.”

ಯಾರೂ ಹೀಗೆ ನೇರವಾಗಿ ಅವಳ ಹತ್ತಿರ ತಪ್ಪು ಒಪ್ಪಿಕೊಂಡಿರಲಿಲ್ಲ.

“ನಾನೂ ಸುಳ್ಳು ಹೇಳ್ದೆ,” ಎಂದಳು. “ಕೂದ್ಲು ಉದುರುತ್ತೆ ಅನ್ನೋಕೆ ನಾಚ್ಕೆಯಾಯ್ತು. ಕುತ್ತಿಗೆ ಕೊಯ್ಸೋಕೆ ನಾಚ್ಕೆ ಆಗ್ಲಿಲ್ಲ ನೋಡಿ, ಇದ್ನ ಹೇಳೋಕೆ ಆಯ್ತು.”

ಅವನು ನಗಲಿಲ್ಲ. “ನಮ್ಮ ಕಾಲೇಜಿನ ಡಾಕ್ಟರ್ ಮೇಡಂ ಹತ್ತು ಗಂಟೆಗೆ ಬರ್ತಾರೆ, ನಿಮ್ಮ ಶಿವಮೊಗ್ಗದ ಡಾಕ್ಟರಿಗೂ ಅವ್ರೇ ಮಾತಾಡ್ತಾರೆ. ಆ ಥೈರಾಯ್ಡ್ ಮಾತ್ರೆ ನಿಲ್ಸಿದ್ರೆ ಗ್ರಂಥಿ ತಾನಾಗೇ ಏಳ್ಬೇಕು.”

“ಆಮೇಲೆ ಪೇಪರಲ್ಲಿ ಬರೀತೀರಾ? ಮುಖ ಊದಿಕೊಂಡಿದೆ, ನೆತ್ತಿ ಕಾಣುತ್ತದೆ ಅಂತ?”

ದುರ್ಗೇಶನ ಮುಖ ಕಪ್ಪಿಟ್ಟಿತು. “ಓದಿದ್ರಾ?”

“ಓದ್ದೆ. ಹೇಸಿಗೆಯಾಯ್ತು.”

ಅವನು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. “ನಮ್ಮನೆ ಕಾರ್ಗಲ್ಲು. ಕ್ವಾರ್ಟರ್ಸಲ್ಲಿ ನಮ್ಮಮ್ಮನ್ನ ಎಲ್ಲರೂ ಸೋಮಾರಿ ಅಂತಿದ್ರು. ಮುಖ ಊದಿತ್ತು, ದನಿ ಒಡೆದಿತ್ತು, ಕೂತಲ್ಲೇ ನಿದ್ದೆ. ನಾನೂ ಬೈತಿದ್ದೆ, ಎಮ್ಮೆ ಅಂತ. ಹನ್ನೊಂದು ವರ್ಷ. ರಕ್ತ ನೋಡಿಸೋ ಹೊತ್ತಿಗೆ ಹೃದಯಕ್ಕೆ ನೀರು ತುಂಬಿತ್ತು, ಉಳೀಲಿಲ್ಲ. ಆಮೇಲಿಂದ ಅಂಥ ಮುಖ ಕಂಡ್ರೆ ನಾಲಿಗೆ ತಡ್ಯಲ್ಲ. ಎದುರಿಗಿರೋರು ಮನುಷ್ಯರು ಅಂತ ಮರ್ತೇಹೋಗುತ್ತೆ. ತಪ್ಪೇ ಅದು.”

ಆಮೇಲೆ ಆ ಫೈಲು ತೆಗೆದು ಅವಳ ಕಡೆ ತಳ್ಳಿದ. “ಮುಂದಿನ ಹಾಳೆ ತಿರುವ್ಲಿಲ್ಲ ಅನ್ಸುತ್ತೆ.”

ಅವಳು ತಿರುವಿದಳು. ‘ಇತರೆ’ ಎಂಬ ಜಾಗದಲ್ಲಿ ಎರಡು ಸಾಲು, ಮೇಲೆ ಅಡ್ಡಗೀಟು.

‘ಚುಚ್ಚುವ ಮೊದಲು ಮುದುಕಿಯರ ಕೈಯನ್ನು ತನ್ನ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡುತ್ತಾಳೆ. ಅವಳ ಕೈಯೇ ತಣ್ಣಗಿದೆ. ಇದು ಅಧ್ಯಯನಕ್ಕೆ ಬೇಡ.’

ಬಿಂದುಶ್ರೀ ಆ ಸಾಲನ್ನು ಎರಡು ಸಲ ಓದಿದಳು. ಫೈಲು ಮುಚ್ಚಿದಳು.

“ಕಿಟಕಿ ತೆಗೀರಿ,” ಎಂದಳು. “ಇಲ್ಲಿ ಎಂತದೋ ಈರುಳ್ಳಿ ವಾಸನೆ.”

*

ಮೇ ತಿಂಗಳ ಕೊನೆಯ ಕ್ಯಾಂಪು ಕಾರ್ಗಲ್ಲಿನಲ್ಲಿ.

ಬಿಂದುಶ್ರೀ ಸ್ವೆಟರಿಲ್ಲದೆ ಬಂದಿದ್ದಳು. ದನಿ ತೆಳುವಾಗಿತ್ತು, ಕುತ್ತಿಗೆಯ ಉಬ್ಬು ಇಳಿದಿತ್ತು. ನೆತ್ತಿಯ ಮೇಲೆ ಹೊಸ ಕೂದಲು ಮೋಟುಮೋಟಾಗಿ ನಿಂತಿತ್ತು. ಅದನ್ನವಳು ಮುಚ್ಚಿರಲಿಲ್ಲ. ಮೂರು ತಿಂಗಳಲ್ಲಿ ರಕ್ತ ಕೊಡಲು ಅವಳು ಐದು ಸಲ ಸಾಗರಕ್ಕೆ ಹೋಗಿದ್ದಳು. ಎರಡು ಸಲ ಸಾಕಾಗುತ್ತಿತ್ತು ಎಂದು ಡಾಕ್ಟರ್ ಮೇಡಂ ನಕ್ಕಿದ್ದರು.

ಸಾಲು ಕರಗಿ ಎಲ್ಲರೂ ಊಟಕ್ಕೆ ಹೋದ ಮೇಲೆ ದುರ್ಗೇಶ್ ಅವಳ ಮೇಜಿನ ಹತ್ತಿರ ಬಂದು ಒಂದು ಕಾಗದ ಇಟ್ಟ.

“ಕೊನೇ ರಿಪೋರ್ಟು. ೨.೮. ಮಾತ್ರೆಯಿಲ್ದೆ. ಇನ್ನು ನೀವು ಬರೋದು ಬ್ಯಾಡ.”

“ಸರಿ,” ಎಂದಳು.

ಅವನು ಹೋಗಲಿಲ್ಲ. ಮೇಜಿನ ಮೇಲಿದ್ದ ಹತ್ತಿಯ ಉಂಡೆಗಳನ್ನು ಒಂದೊಂದಾಗಿ ಬಿಡಿಸಿ ಹಾಳು ಮಾಡುತ್ತಾ ನಿಂತ. ಬಾಯಿ ತೆರೆದ, ಮುಚ್ಚಿದ. ಲ್ಯಾಬಿನಲ್ಲಿ ಅಂದು ನಿಂತಿದ್ದ ಹಾಗೆಯೇ.

ಬಿಂದುಶ್ರೀ ಕೈಕಟ್ಟಿ ಅವನ ಗಂಟಲನ್ನೇ ನೋಡಿದಳು.

“ಒಂದ್ಸಲ ಉಗುಳು ನುಂಗಿ,” ಎಂದಳು.

ಅವನು ನುಂಗಿದ. ಗಂಟಲಮಣಿ ಮೇಲೇರಿ ಇಳಿಯಿತು.

“ಹ್ಞಾ, ಈಗ ಹೇಳಿ.”

“ರಿಪೋರ್ಟು ಸರಿಯಾಯ್ತು... ಆದ್ರೂ ಬರ್ತಾ ಇರ್ತೀರಾ? ಅಂದ್ರೆ, ರಕ್ತ ಕೊಡೋಕಲ್ಲ. ಸುಮ್ನೆ. ಯಾವಾಗ್ಲೂ.”

ಅವಳು ಒಂದು ಖಾಲಿ ಫಾರಂ ಎಳೆದುಕೊಂಡು ಪೆನ್ನು ಹಿಡಿದಳು.

“ಬೇರೆ ಏನಾದ್ರೂ ಮಾತ್ರೆ ತಗೋತೀರಾ?”

“ಎಂತಕ್ಕೆ?”

“ಕೇಳಿದ್ದಕ್ಕೆ ಉತ್ರ ಕೊಡಿ. ನಾನು ಮುಚ್ಚಿಟ್ಟು ಪಟ್ಟಿದ್ದು ಸಾಕು. ಮಾತ್ರೆ?”

“ಗ್ಯಾಸಿಂದು. ದಿನಾ.”

“ಪುಡಿ, ಟಾನಿಕ್ಕು?”

“ಇಲ್ಲ.”

“ಏನೂ ಇಲ್ವ?”

ದುರ್ಗೇಶ್ ಸುತ್ತ ನೋಡಿದ. ನಿಧಾನವಾಗಿ ಟೋಪಿ ತೆಗೆದ. ಹಣೆಯಿಂದ ನೆತ್ತಿಯವರೆಗೆ ಬಯಲು, ನಡುವೆ ನಾಲ್ಕಾರು ಎಳೆ.

“ಎಣ್ಣೆ ಹಚ್ತೀನಿ,” ಎಂದ ನೆಲ ನೋಡುತ್ತಾ. “ಈರುಳ್ಳಿ ಎಣ್ಣೆ. ಎರಡು ವರ್ಷದಿಂದ. ಯಾರಿಗೂ ಹೇಳಿಲ್ಲ.”

ಒಂದು ಕ್ಷಣ ಬಿಂದುಶ್ರೀ ಅವನನ್ನೇ ನೋಡಿದಳು. ಆಮೇಲೆ ನಕ್ಕಳು, ಸಿರಿಂಜಿನ ತಟ್ಟೆ ಅಲುಗಾಡುವಷ್ಟು. ಒಂದು ವರ್ಷದಿಂದ ಅವಳು ಹಾಗೆ ನಕ್ಕಿರಲಿಲ್ಲ.

“ಬರ್ತೀನಿ,” ಎಂದಳು ಕಣ್ಣೊರೆಸಿಕೊಳ್ಳುತ್ತಾ. “ಆದ್ರೆ ನಾಳೆಯಿಂದ ಆ ದರಿದ್ರ ಎಣ್ಣೆ ಹಚ್ಬಾರ್ದು.”

“ಇರೋದೂ ಉದುರಿದ್ರೆ?”

“ಉದುರ್ಲಿ.”

“ನೆತ್ತಿಯ ಚರ್ಮ ಕಾಣುತ್ತೆ...”

ಅವಳು ಅವನ ಕೈ ಎಳೆದುಕೊಂಡು, ಮುದುಕಿಯರ ಕೈ ಉಜ್ಜುವ ಹಾಗೆ ಎರಡೂ ಅಂಗೈ ನಡುವೆ ಉಜ್ಜಿದಳು. ಈ ಸಲ ಅವಳ ಕೈ ಬೆಚ್ಚಗಿತ್ತು.

“ಕಾಣ್ಲಿ,” ಎಂದಳು. “ನೋಡೋಳು ನಾನೇ ಅಲ್ವ?”